ಹಲಗೆ ಜೋಡಿಸಿ ಕಪಾಟಿನ ಬಾಗಿಲು ಮಾಡಿಸುವವರೇ, ಹಣ ಕೊಡುವ ಮುನ್ನ ಓದಿ

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಪ್ಲೈವುಡ್ ಬೇಡ, ಅಡುಗೆಮನೆಯ ಕಪಾಟಿಗೆ ಸಾಗುವಾನಿಯ ಬಾಗಿಲೇ ಆಗಬೇಕು ಎಂದು ಮನೆಯವರೊಂದಿಗೆ ಜಗಳವಾಡಿದವನು ನಾನು. ಗೃಹಪ್ರವೇಶದ ದಿನ ಭಾವನನ್ನು ಕರೆದು ಒಂದೊಂದೇ ಬಾಗಿಲನ್ನು ತಟ್ಟಿ ತೋರಿಸಿದವನೂ ನಾನೇ.

ಕೆಲಸ ನಡೆದದ್ದು ಆಗಸ್ಟ್‌ನಲ್ಲಿ, ಮಲೆನಾಡಿನ ಜಡಿಮಳೆಯಲ್ಲಿ. ನಾಲ್ಕು ಇಂಚು ಅಗಲದ ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ಹನ್ನೊಂದು ಬಾಗಿಲು. "ಮರ ಒಣಗಿದೆಯೇ?" ಎಂದು ಕೆಲಸಕ್ಕೆ ಬಂದ ಬಡಗಿಯನ್ನು ಕೇಳಿದ್ದೆ. "ಎರಡು ವರ್ಷದ ಮರ ಸರ್, ಚಿಂತೆ ಬಿಡಿ." ಬಿಟ್ಟೆ. ಪಾಲಿಶ್ ಆದ ದಿನವೇ ಪೂರ್ತಿ ಹಣ ಎಣಿಸಿದೆ. ಹೌದು, ಪೂರ್ತಿ.

ಫೆಬ್ರವರಿಯ ಒಂದು ರಾತ್ರಿ ಫಟ್ ಎಂದು ಸದ್ದು. ಇಲಿ ಎಂದುಕೊಂಡೆ. ಬೆಳಗ್ಗೆ ನೋಡಿದರೆ ನಡುವಿನ ಬಾಗಿಲು ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಒಳಗಿನ ಸಾರಿನ ಪುಡಿ ಡಬ್ಬಿಯ ಕೆಂಪು ಮುಚ್ಚಳ ಹೊರಗಿನಿಂದಲೇ ಕಾಣುತ್ತಿತ್ತು. ಮಾರ್ಚ್ ಮುಗಿಯುವಷ್ಟರಲ್ಲಿ ಐದು ಬಾಗಿಲು ಬಾಯಿ ಬಿಟ್ಟವು.

ಆ ಬಡಗಿಗೆ ಫೋನ್ ಮಾಡಿದೆ. "ಮರ ಎಂದಮೇಲೆ ಬಿರುಕು ಇದ್ದದ್ದೇ ಸರ್." ಮತ್ತೆ ಮಾಡಿದೆ. "ನಿಮ್ಮ ಮನೆಯಲ್ಲಿ ಒಗ್ಗರಣೆಯ ಶಾಖ ಹೆಚ್ಚು." ಒಗ್ಗರಣೆಯ ಶಾಖವಂತೆ! ಮೂರನೆಯ ಸಲ, "ಮಳೆಗಾಲ ಬರಲಿ, ತಾನೇ ಕೂಡಿಕೊಳ್ಳುತ್ತದೆ." ಆಮೇಲೆ ಫೋನ್ ಎತ್ತಲಿಲ್ಲ.

ಕೊನೆಗೆ ಊರಿನ ಹಿರಿಯ ಬಡಗಿಯೊಬ್ಬರು ಬಾಗಿಲು ಇಳಿಸಿ ಸೀಳನ್ನು ಅಗಲಿಸಿ ತೋರಿಸಿದರು. ಒಂದು ಅಂಚಿನಲ್ಲಿ ಮರದ ಹೊಟ್ಟು ಕಲಸಿದ ಅಂಟು ಹಕ್ಕಳೆಗಟ್ಟಿತ್ತು. ಇನ್ನೊಂದರಲ್ಲಿ ಗರಗಸದ ಗೀರುಗಳು ಹಾಗೆಯೇ ಇದ್ದವು. "ಇದಕ್ಕೆ ಉಜ್ಜುಗೊರಡು ತಾಗಿಯೇ ಇಲ್ಲ ಸ್ವಾಮಿ" ಎಂದರು. ಅಂಚನ್ನು ಹೆರೆದು ಸಮ ಮಾಡುವ ಉಪಕರಣ ಅದು. ಸಂದು ಕೂಡದ ಕಡೆಯೆಲ್ಲ ಹೊಟ್ಟು ತುಂಬಿದ್ದಾರೆ. ಸಾಲದ್ದಕ್ಕೆ, ಚೌಕಟ್ಟಿನ ಒಳಅಂಚಿಗೆ ಕೊರೆದ ಗ್ರೂವ್‌ನಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಬೇಕಾದ ಹಲಗೆಗೆ ಸುತ್ತಲೂ ಮೊಳೆ ಹೊಡೆದಿದ್ದಾರೆ. ಹಸಿ ಮರ ಒಣಗುತ್ತ ಅಡ್ಡಕ್ಕೆ ಕುಗ್ಗುತ್ತದೆ. ಎರಡೂ ಕಡೆ ಬಿಗಿದರೆ ಸೀಳದೆ ಏನು ಮಾಡೀತು? ಮೊಳೆಯ ತಲೆಗೆ ಬಳಿದ ಪುಟ್ಟಿಯ ಚುಕ್ಕೆಗಳನ್ನು ನಾನು ಆರು ತಿಂಗಳು ದಿನವೂ ನೋಡಿದ್ದೆ. ಮರದ ಗಂಟು ಎಂದುಕೊಂಡಿದ್ದೆ. ಭಾವನಿಗೂ ಹಾಗೆಂದೇ ವಿವರಿಸಿದ್ದೆ!

ತೇವಾಂಶ ಅಳೆಯುವ ಮೀಟರ್ ತರಿಸಿ, ನಿಮ್ಮ ಕೈಯಿಂದಲೇ ಒತ್ತಿ ನೋಡಿ. ಶೇಕಡಾ 12ರ ಆಸುಪಾಸು ಇಲ್ಲದಿದ್ದರೆ ಎದ್ದು ಬನ್ನಿ. ಅಂಟು ಹಚ್ಚುವ ಮೊದಲು ಎರಡು ಹಲಗೆಗಳ ಅಂಚು ಕೂಡಿಸಿ ಬೆಳಕಿಗೆ ಹಿಡಿಯಲು ಹೇಳಿ. ನಡುವೆ ಬೆಳಕು ತೂರಿದರೆ ಸಂದು ಕೂಡಿಲ್ಲ ಎಂದೇ ಅರ್ಥ. ಒಂದು ಬೇಸಿಗೆ ಕಳೆಯುವವರೆಗೆ ಸ್ವಲ್ಪ ಹಣ ಹಿಡಿದುಕೊಳ್ಳಿ, ಅವರು ಎಷ್ಟೇ ಮುಖ ಗಂಟಿಕ್ಕಲಿ.

ಈಗ ಮಳೆ ಹಿಡಿದಿದೆ. ಸೀಳುಗಳು ಅರ್ಧ ಮುಚ್ಚಿಕೊಂಡಿವೆ. ಅಷ್ಟರ ಮಟ್ಟಿಗೆ ಆ ಮನುಷ್ಯನ ಮಾತು ನಿಜವಾಯಿತಲ್ಲ ಎಂಬುದೇ ನನಗೆ ಇನ್ನೂ ಉರಿ.