ಏರ್ ಪಿಸ್ತೂಲಿಗೆ 4.5 ಮಿ.ಮೀ. ಪೆಲೆಟ್: ದುಬಾರಿ ಡಬ್ಬಿ ಯಾವಾಗ ಬೇಕು, ಯಾವಾಗ ಬೇಡ

ಜರ್ಮನಿಯ ಆರ್‌ಡಬ್ಲ್ಯೂಎಸ್ ಕಂಪನಿಯ ಹಾಬಿ, ಮೈಸ್ಟರ್‌ಕುಗೆಲ್ನ್, ಆರ್ 10 ಮ್ಯಾಚ್. ಮೂರೂ ಚಪ್ಪಟೆ ಮೂತಿಯ 4.5 ಮಿ.ಮೀ. ಸೀಸದ ಪೆಲೆಟ್‌ಗಳು, ಅಂದರೆ ಗಾಳಿಯ ಒತ್ತಡದಿಂದ ಹಾರುವ ಸಣ್ಣ ಗುಂಡುಗಳು, ಮೂರರಲ್ಲೂ 0.45 ಗ್ರಾಂ ತೂಕದ್ದು ಸಿಗುತ್ತದೆ. ಅಂಗೈ ಮೇಲೆ ಹಾಕಿಕೊಂಡು ನೋಡಿದರೆ ಯಾವುದು ಯಾವುದೆಂದು ಹೇಳುವುದೇ ಕಷ್ಟ. ಬೆಲೆ ಮಾತ್ರ ಒಂದರಿಂದ ಇನ್ನೊಂದಕ್ಕೆ ಏರುತ್ತಾ ಹೋಗುತ್ತದೆ. ಹತ್ತು ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುವವರು ಯಾವುದಕ್ಕೆ ದುಡ್ಡು ಹಾಕಬೇಕೆಂದು ತೀರ್ಮಾನಿಸುವ ಮುಂಚೆ ಟಾರ್ಗೆಟ್ಟಿನ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ಏರ್ ಪಿಸ್ತೂಲ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಪೆಲೆಟ್ಟಿನ ಅಂಚು ಗೆರೆಯನ್ನು ಮುಟ್ಟಿದರೂ ಹತ್ತು ಅಂಕ ಸಿಗುತ್ತದೆ. ಅಂದರೆ ಪೆಲೆಟ್ಟಿನ ನಡುಬಿಂದು ಟಾರ್ಗೆಟ್ಟಿನ ನಡುಬಿಂದುವಿನಿಂದ 8 ಮಿ.ಮೀ. ದೂರದೊಳಗೆ ಎಲ್ಲಿ ಬಿದ್ದರೂ ಹತ್ತು. ಈಗ ಪಿಸ್ತೂಲನ್ನು ಬಿಗಿಯಾಗಿ ಕಟ್ಟಿ ಹೊಡೆದಾಗ ಒಂದು ಜಾತಿಯ ಪೆಲೆಟ್ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿ.ಮೀ. ಗ್ರೂಪ್ (ಹಲವು ಹೊಡೆತಗಳ ತೂತುಗಳ ಗುಂಪು) ಕೊಟ್ಟಿತು ಎಂದುಕೊಳ್ಳಿ. ಅದರಿಂದ ಪೆಲೆಟ್ಟಿನದೇ 4.5 ಮಿ.ಮೀ. ಕಳೆದರೆ ಉಳಿಯುವ ನಿಜವಾದ ಹರವು 2.5 ಮಿ.ಮೀ., ನಡುವಿನಿಂದ ಸುಮಾರು 1.25 ಮಿ.ಮೀ. ಮಾತ್ರ. 8 ಮಿ.ಮೀ.ಗಳಲ್ಲಿ ಪೆಲೆಟ್ ತಿನ್ನುವುದು ಅಷ್ಟೇ, ಮಿಕ್ಕಿದ್ದೆಲ್ಲ ಕೈಗೆ ಬಿಟ್ಟದ್ದು. ಅದೇ ಗ್ರೂಪ್ 12 ಮಿ.ಮೀ.ಗೆ ಹಿಗ್ಗಿದರೆ ನಡುವಿನಿಂದ ಸುಮಾರು 3.75 ಮಿ.ಮೀ. ಪೆಲೆಟ್ಟಿಗೇ ಹೋಗುತ್ತದೆ. ಆಗ ಸರಿಯಾಗಿ ಟ್ರಿಗರ್ ಎಳೆದ ಹೊಡೆತವೂ ಒಂಬತ್ತಕ್ಕೆ ಜಾರಬಹುದು, ಶೂಟರ್ ತನ್ನದಲ್ಲದ ತಪ್ಪನ್ನು ತಿದ್ದಲು ಹೊರಡುತ್ತಾನೆ. ಕೆಟ್ಟ ಪೆಲೆಟ್ಟಿನ ದೊಡ್ಡ ನಷ್ಟ ಇದೇ. ಹೋದ ಅಂಕ ಮುಂದಿನ ಹೊಡೆತದಲ್ಲಿ ಬಂದೀತು, ತಪ್ಪಾಗಿ ತಿದ್ದಿಕೊಂಡ ಅಭ್ಯಾಸ ಬೇಗ ಬಿಡುವುದಿಲ್ಲ.

ಏರ್ ರೈಫಲಿನಲ್ಲಿ ಹತ್ತು ಎಂಬುದು 0.5 ಮಿ.ಮೀ. ಚುಕ್ಕೆ. ಅಲ್ಲಿ ನಡುಬಿಂದುವಿಗೆ ಸಿಗುವ ಜಾಗ 2.5 ಮಿ.ಮೀ. ಮಾತ್ರ. ರೈಫಲ್ ಶೂಟರ್‌ಗಳು ಪೆಲೆಟ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಅವರ ಮಾತನ್ನು ಹಾಗೆಯೇ ಪಿಸ್ತೂಲಿಗೆ ತಂದರೆ ದುಡ್ಡು ದಂಡ.

ಇನ್ನು ಡಬ್ಬಿಗಳ ವಿಷಯ. ಹಾಬಿ ಕೈ ಕುದುರಿಸಿಕೊಳ್ಳುವವರಿಗೆ ಸಾಕು. ಗ್ರಿಪ್ ಹಿಡಿಯುವುದು, ಸೈಟ್ ನೋಡುವುದು, ಟ್ರಿಗರ್ ಎಳೆಯುವುದು ಇನ್ನೂ ಹದಕ್ಕೆ ಬರದ ದಿನಗಳಲ್ಲಿ ಹೊಡೆತಗಳು ಏಳು ಎಂಟರ ವೃತ್ತದವರೆಗೂ ಚದುರುತ್ತವೆ, ಅಲ್ಲಿ ಪೆಲೆಟ್ಟಿನ ಒಂದೆರಡು ಮಿ.ಮೀ. ಲೆಕ್ಕಕ್ಕೇ ಬರುವುದಿಲ್ಲ. ಮೈಸ್ಟರ್‌ಕುಗೆಲ್ನ್ ನನ್ನ ಲೆಕ್ಕದಲ್ಲಿ ಮೂರರಲ್ಲಿ ಅತ್ಯಂತ ಉಪಯುಕ್ತ. ಹೆಡ್ ಅಳತೆ (ಪೆಲೆಟ್ಟಿನ ತಲೆಯ ವ್ಯಾಸ) ನೋಡಿ ಆಯ್ದುಕೊಳ್ಳಬಹುದು, ದಿನನಿತ್ಯದ ಅಭ್ಯಾಸಕ್ಕೂ ಸಾಮಾನ್ಯ ಸ್ಪರ್ಧೆಗೂ ಒಂದೇ ಪೆಲೆಟ್ ಇಟ್ಟುಕೊಳ್ಳಬಹುದು. ಅರ್ಹತಾ ಸುತ್ತಿನಲ್ಲಿ 600ಕ್ಕೆ 560 ದಾಟಿದವರಿಗೂ ಇದು ಕಡಿಮೆಯಾಗುವುದಿಲ್ಲ. ಆರ್ 10 ಮ್ಯಾಚ್ ಎತ್ತಿಕೊಳ್ಳಬೇಕಾದ್ದು ಫೈನಲ್ ತನಕ ಹೋಗುವವರು. ಪಿಸ್ತೂಲಿನ ಅರ್ಹತಾ ಸುತ್ತಿನ 60 ಹೊಡೆತಗಳಿಗೆ ಪೂರ್ಣಾಂಕ, ಫೈನಲ್‌ನಲ್ಲಿ ದಶಮಾಂಶ. ದಶಮಾಂಶದ ಒಂದೊಂದು ಮೆಟ್ಟಿಲೂ 0.8 ಮಿ.ಮೀ. ಅಲ್ಲಿ 10.2ಕ್ಕೂ 10.4ಕ್ಕೂ ನಡುವಿನ 1.6 ಮಿ.ಮೀ. ಪೆಲೆಟ್ಟಿನಿಂದಲೇ ಬಂದೀತು, ಹೋದೀತು.

ಎಚ್ ಅಂಡ್ ಎನ್‌ನ ಫಿನಾಲೆ ಮ್ಯಾಚ್ ಲೈಟ್ (0.51 ಗ್ರಾಂ), ಜೆಎಸ್‌ಬಿ ಮ್ಯಾಚ್‌ನ ಎಸ್ 100 (0.52 ಗ್ರಾಂ) ಇವೂ ಇದೇ ಮೇಲ್ದರ್ಜೆಯವು. ಇವು ಆರ್ 10ಕ್ಕಿಂತ ಮೇಲೋ ಕೆಳಗೋ ಎಂದು ಎಲ್ಲರಿಗೂ ಒಪ್ಪುವಂತೆ ಹೇಳಲು ಬರುವುದಿಲ್ಲ, ಅದನ್ನು ಹೇಳುವುದು ನಿಮ್ಮ ಬ್ಯಾರೆಲ್. ತೂಕ ಬದಲಾದರೆ ಸೈಟ್ ತಿದ್ದಬೇಕೆಂಬುದು ಮಾತ್ರ ನೆನಪಿರಲಿ. ಸೆಕೆಂಡಿಗೆ 155 ಮೀಟರ್ ವೇಗದಲ್ಲಿ ಹೊರಟ 0.45 ಗ್ರಾಂ ಪೆಲೆಟ್ ಹತ್ತು ಮೀಟರ್ ದಾಟುವುದರೊಳಗೆ ಸುಮಾರು 20 ಮಿ.ಮೀ. ಕೆಳಗಿಳಿದಿರುತ್ತದೆ. ಅದೇ ಗಾಳಿಯ ಶಕ್ತಿಗೆ 0.53 ಗ್ರಾಂ ಪೆಲೆಟ್ ಹಾಕಿದರೆ ವೇಗ ತಗ್ಗಿ ಇಳಿತ ಸುಮಾರು 24 ಮಿ.ಮೀ. ಆಗುತ್ತದೆ. ಆ ನಾಲ್ಕು ಮಿ.ಮೀ. ಎಂದರೆ ಹತ್ತರ ಜಾಗದ ಅರ್ಧ.

ಈಗ ಹೆಡ್ ಅಳತೆ. ಡಬ್ಬಿಯ ಮೇಲೆ 4.49, 4.50, 4.51 ಎಂದು ಬರೆದಿರುವುದು ಪೆಲೆಟ್ಟಿನ ತಲೆಯ ವ್ಯಾಸ. ಪೆಲೆಟ್ಟಿಗೆ ಮೂರು ಭಾಗ: ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳು ಸ್ಕರ್ಟ್. ತಲೆ ಬ್ಯಾರೆಲ್ಲಿನ ರೈಫ್ಲಿಂಗ್ (ಒಳಗೋಡೆಯ ಸುರುಳಿ ಗೀರುಗಳು) ಮೇಲೆ ಕುಳಿತು ಪೆಲೆಟ್ಟನ್ನು ನೇರವಾಗಿ ಹಿಡಿಯುತ್ತದೆ. ಗಾಳಿಯ ಒತ್ತಡಕ್ಕೆ ತೆಳು ಸ್ಕರ್ಟ್ ಅರಳಿ ಬ್ಯಾರೆಲ್ಲಿಗೆ ಅಂಟಿಕೊಂಡು ಹಿಂದಿನಿಂದ ಗಾಳಿ ಸೋರದಂತೆ ತಡೆಯುತ್ತದೆ. ತಲೆ ಚಿಕ್ಕದಾದರೆ ಪೆಲೆಟ್ ಒಳಗೇ ಓಲಾಡುತ್ತದೆ. ತೀರಾ ದೊಡ್ಡದಾದರೆ ಒಳಗೆ ಕೂರಿಸಲು ಒತ್ತಬೇಕು, ಒತ್ತುವಾಗ ಅದು ವಾಲುತ್ತದೆ. ಬ್ಯಾರೆಲ್‌ಗಳಲ್ಲೂ ಮಿ.ಮೀ.ನ ನೂರನೇ ಒಂದು ಭಾಗದ ಲೆಕ್ಕದ ವ್ಯತ್ಯಾಸ ಇದ್ದೇ ಇರುತ್ತದೆ. ಪಕ್ಕದ ಲೇನಿನವರಿಗೆ 4.50 ಚೆನ್ನಾಗಿ ಹೊಂದಿದರೆ ಅದೇ ಮಾಡೆಲ್ಲಿನ ನಿಮ್ಮ ಪಿಸ್ತೂಲಿಗೂ ಹೊಂದಬೇಕೆಂದಿಲ್ಲ.

ಪರೀಕ್ಷೆ ಹೀಗೆ. ಪಿಸ್ತೂಲನ್ನು ಗಟ್ಟಿ ಮೇಜಿಗೆ ಬಿಗಿದ ವೈಸ್‌ನಲ್ಲಿ ಹಿಡಿಸಿ. ವೈಸ್‌ನ ಹಲ್ಲಿಗೂ ಲೋಹಕ್ಕೂ ನಡುವೆ ದಪ್ಪ ಚರ್ಮ ಅಥವಾ ರಬ್ಬರ್ ಇರಲಿ. ಹಿಡಿತ ಬೀಳಬೇಕಾದ್ದು ಪಿಸ್ತೂಲಿನ ಲೋಹದ ದೇಹದ ಮೇಲೆ. ಗಾಳಿ ಸಿಲಿಂಡರನ್ನು ಎಂದಿಗೂ ವೈಸ್‌ಗೆ ಕೊಡಬೇಡಿ, ಒಳಗೆ 200 ಬಾರ್ ತನಕ ಒತ್ತಡವಿರುತ್ತದೆ. ಬ್ಯಾರೆಲ್ಲನ್ನು ಬಿಗಿದರೆ ಅದರ ಸಹಜ ಅದುರುವಿಕೆ ಕೆಟ್ಟು ಫಲಿತಾಂಶವೇ ಸುಳ್ಳಾಗುತ್ತದೆ. ಸಿಲಿಂಡರಿನಲ್ಲಿ ಒತ್ತಡ ಕೆಳಮಟ್ಟಕ್ಕೆ ಇಳಿದಿದ್ದರೆ ಮೊದಲು ತುಂಬಿಸಿಕೊಳ್ಳಿ. ಟಾರ್ಗೆಟ್ಟಿಗೆ ಸ್ಪರ್ಧೆಯ ಕಾರ್ಡೇ ಬೇಕು. ಬರೆಯುವ ಕಾಗದದಲ್ಲಿ ತೂತು ಹರಿದು ಅಂಚು ಸಿಗುವುದಿಲ್ಲ, ಕಾರ್ಡಿನಲ್ಲಿ ಚಪ್ಪಟೆ ಮೂತಿ ಪಂಚ್ ಮಾಡಿದಂತೆ ದುಂಡಗೆ ಕತ್ತರಿಸುತ್ತದೆ.

ಹೊಸ ಪೆಲೆಟ್ ಹಾಕಿದಾಗ ಮೊದಲ ಐದು ಹೊಡೆತ ಲೆಕ್ಕಕ್ಕಿಲ್ಲ. ಹಿಂದಿನ ಪೆಲೆಟ್ಟಿನ ಸೀಸದ ಪದರ ಹೋಗಿ ಹೊಸದರದ್ದು ಕೂರಬೇಕು. ಆಮೇಲೆ ಐದೈದರಂತೆ ನಾಲ್ಕು ಗ್ರೂಪ್, ಪ್ರತಿಯೊಂದಕ್ಕೂ ಬೇರೆ ಕಾರ್ಡು. ವರ್ನಿಯರ್‌ನಿಂದ ಹೊರ ಅಂಚಿನ ಅಳತೆ ತೆಗೆದು 4.5 ಕಳೆಯಿರಿ, ನಾಲ್ಕರ ಸರಾಸರಿ ಬರೆದಿಡಿ. ಒಂದೇ ಒಂದು ಗ್ರೂಪ್ ಹೊಡೆದು ಅದು ಚಿಕ್ಕದಾಗಿ ಬಂತೆಂದು ಹತ್ತು ಡಬ್ಬಿ ತರಿಸುವುದು ತೀರಾ ಸಾಮಾನ್ಯವಾದ ತಪ್ಪು. ಐದು ಹೊಡೆತದ ಒಂದು ಗ್ರೂಪ್ ಅದೃಷ್ಟದಿಂದಲೂ ಚಿಕ್ಕದಾಗುತ್ತದೆ. ನಾಲ್ಕೂ ಗ್ರೂಪ್ ಹೊರ ಅಂಚಿನ ಅಳತೆಯಲ್ಲಿ 8 ಮಿ.ಮೀ. ಆಸುಪಾಸಿನಲ್ಲೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಅರ್ಧ ಮಿ.ಮೀ.ಗಾಗಿ ಇನ್ನೆರಡು ಕಂಪನಿಯ ಡಬ್ಬಿ ತೆರೆಯುವ ಸಮಯದಲ್ಲಿ ನಿಂತು ಅಭ್ಯಾಸ ಮಾಡಿದರೆ ಲಾಭ ಹೆಚ್ಚು.

ಹೊಂದಿದ ಪೆಲೆಟ್ ಸಿಕ್ಕ ಮೇಲೆ ಡಬ್ಬಿಯ ಲಾಟ್ (ಒಟ್ಟಿಗೆ ತಯಾರಾದ ಕಂತು) ನಂಬರ್ ಬರೆದುಕೊಳ್ಳಿ, ಅದೇ ಲಾಟ್‌ನಲ್ಲಿ ಒಂದು ಋತುವಿಗಾಗುವಷ್ಟು ತೆಗೆದಿಡಿ. ಅಚ್ಚು ಸವೆಯುತ್ತದೆ, ಬದಲಾಗುತ್ತದೆ. ಒಂದೇ ಹೆಸರು, ಒಂದೇ ಹೆಡ್ ಅಳತೆ ಇದ್ದರೂ ಬೇರೆ ಲಾಟ್ ಬೇರೆ ರೀತಿ ನಡೆದುಕೊಳ್ಳಬಹುದು. ಸೈಟರ್ (ಅಂಕಕ್ಕೆ ಸೇರದ ಆರಂಭದ ಹೊಡೆತಗಳು) ಸೇರಿ ಒಂದು ಪಂದ್ಯಕ್ಕೆ ಸುಮಾರು 80 ಪೆಲೆಟ್ ಬೇಕಾಗುತ್ತದೆ. 500ರ ಡಬ್ಬಿಯಲ್ಲಿ ಆರು ಪಂದ್ಯ. ದಿನಕ್ಕೆ ನೂರರಂತೆ ವಾರಕ್ಕೆ ಐದು ದಿನ ಅಭ್ಯಾಸ ಮಾಡುವವರಿಗೆ ವಾರಕ್ಕೊಂದು ಡಬ್ಬಿ.

ತೂಕ ನೋಡಿ ವಿಂಗಡಿಸುವುದರ ಬಗ್ಗೆ ಬಹಳ ಮಾತು ನಡೆಯುತ್ತದೆ. 0.45 ಗ್ರಾಂ ಪೆಲೆಟ್ ಒಂದರಲ್ಲಿ 0.005 ಗ್ರಾಂ ವ್ಯತ್ಯಾಸವಿದ್ದರೆ ಅದು ಶೇ. 1ಕ್ಕೆ ಸ್ವಲ್ಪ ಹೆಚ್ಚು. ಹತ್ತು ಮೀಟರಿನಲ್ಲಿ ಇಳಿತದ ವ್ಯತ್ಯಾಸ 0.2 ಮಿ.ಮೀ. ಚಿಲ್ಲರೆ. ಎಂಟು ಮಿ.ಮೀ. ಜಾಗವಿರುವಲ್ಲಿ ಇದಕ್ಕಾಗಿ ತಕ್ಕಡಿ ಮುಂದೆ ಕೂರುವುದು ವ್ಯರ್ಥ. ಕಣ್ಣು ಹಾಯಿಸಬೇಕಾದ್ದು ಸ್ಕರ್ಟ್ ಮೇಲೆ.

ಒಂದು ಗಾಜಿನ ಹಾಳೆಯನ್ನು ಒಂದು ಬದಿಗೆ ಸ್ವಲ್ಪವೇ ಎತ್ತಿಟ್ಟು ಪೆಲೆಟ್ಟನ್ನು ಮೇಲಿನಿಂದ ಉರುಳಿಬಿಡಿ. ಸ್ಕರ್ಟ್ ತಲೆಗಿಂತ ಅಗಲವಿರುವುದರಿಂದ ಅದು ನೇರ ಬರುವುದಿಲ್ಲ, ಬಿಲ್ಲಿನಂತೆ ಬಾಗಿಕೊಂಡು ಬರುತ್ತದೆ. ಒಂದೇ ಡಬ್ಬಿಯ ಒಳ್ಳೆಯ ಪೆಲೆಟ್‌ಗಳು ಸುಮಾರಾಗಿ ಒಂದೇ ಜಾಡಿನಲ್ಲಿ ಬಾಗಿ ಒಂದೇ ಕಡೆ ಬಂದು ಸೇರುತ್ತವೆ. ಸ್ಕರ್ಟ್ ತಗ್ಗಾದದ್ದು ಟಕಟಕ ಎಂದು ಕುಂಟುತ್ತಾ ಬೇರೆ ಕಡೆ ಹೋಗುತ್ತದೆ. ಅದನ್ನು ಎತ್ತಿ ಬೆಳಕಿಗೆ ಹಿಡಿದರೆ ಸ್ಕರ್ಟಿನ ಬಾಯಿ ದುಂಡಗಿರದೆ ಮೊಟ್ಟೆಯಾಕಾರವಾಗಿರುವುದು ಕಾಣುತ್ತದೆ. ಡಬ್ಬಿ ಕೈಜಾರಿ ಬಿದ್ದರೆ ಇಂಥವು ಹತ್ತಾರು ಆಗುತ್ತವೆ. ದುಬಾರಿ ಪೆಲೆಟ್‌ಗಳನ್ನು ಕೆಲವು ಕಂಪನಿಗಳು ಸ್ಪಂಜಿನ ಗುಳಿಗಳಲ್ಲಿ ಒಂದೊಂದಾಗಿ ಕೂರಿಸಿ ಕೊಡುವುದು ಇದಕ್ಕೇ. ಮಾಮೂಲಿ ಡಬ್ಬಿಯಾದರೆ ಮುಚ್ಚಳದ ಕೆಳಗಿನ ಸ್ಪಂಜನ್ನು ಬಿಸಾಡಬೇಡಿ, ಅರ್ಧ ಖಾಲಿಯಾದ ಡಬ್ಬಿಯನ್ನು ಬ್ಯಾಗಿನಲ್ಲಿ ಕುಲುಕಿಸಿಕೊಂಡು ಹೋಗಬೇಡಿ.

ಲೋಡ್ ಮಾಡುವಾಗಲೂ ಇದೇ ಎಚ್ಚರ. ಪೆಲೆಟ್ಟನ್ನು ಬ್ರೀಚಿನ (ಬ್ಯಾರೆಲ್ಲಿನ ಹಿಂಬದಿಯ ಬಾಯಿ) ತೋಡಿನಲ್ಲಿ ನೇರ ಮಲಗಿಸಿ ಲಿವರ್ ನಿಧಾನ ಮುಚ್ಚಿ. ಅಡ್ಡ ಕುಳಿತಿದ್ದರೆ ಲಿವರ್ ತಡೆಯುತ್ತದೆ. ಆಗ ಒತ್ತಿ ಮುಚ್ಚಿದರೆ ಸೀಸದ ಸಿಬುರು ಎದ್ದು ಗಾಳಿ ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ಗಾಳಿ ಸೋರಲು ಶುರು. ಗ್ರೂಪ್ ಇದ್ದಕ್ಕಿದ್ದಂತೆ ಮೇಲೆ ಕೆಳಗೆ ಉದ್ದವಾದರೆ ಪೆಲೆಟ್ಟನ್ನು ದೂರುವ ಮುಂಚೆ ಆ ಓ-ರಿಂಗ್ ನೋಡಿ.

ತಾಮ್ರ ಲೇಪಿಸಿದ ಪೆಲೆಟ್ ಬಗ್ಗೆಯೂ ಕೇಳುವವರಿದ್ದಾರೆ. ಕೈಗೆ ಸೀಸ ಹತ್ತುವುದು ಕಡಿಮೆ, ಬಿಳಿ ಬೂಷ್ಟು ಕಟ್ಟುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಪಂದ್ಯದ ದರ್ಜೆಯ ಪೆಲೆಟ್‌ಗಳು ಬಹುತೇಕ ಬರಿ ಸೀಸದವೇ. ಲೇಪನದ ದಪ್ಪವೂ ಹೆಡ್ ಅಳತೆಗೆ ಸೇರುತ್ತದೆ, ಆ ದಪ್ಪ ಎಲ್ಲ ಕಡೆ ಒಂದೇ ಸಮ ಇರಬೇಕು. ಸೀಸವಿಲ್ಲದ ತವರದ ಪೆಲೆಟ್ ಹಗುರ, ಗಡಸು. ಸ್ಕರ್ಟ್ ಸೀಸದಷ್ಟು ಸುಲಭವಾಗಿ ಅರಳುವುದಿಲ್ಲವಾದ್ದರಿಂದ ಹೆಡ್ ಅಳತೆಯನ್ನು ಹೊಸದಾಗಿ ಪರೀಕ್ಷಿಸದೆ ಕೊಳ್ಳಬೇಡಿ.

ಬರಿ ಸೀಸದ ಶತ್ರು ತೇವ ಮತ್ತು ಮರದಿಂದ ಹೊರಡುವ ಆಮ್ಲದ ಆವಿ. ಮರದ ಪೆಟ್ಟಿಗೆಯಲ್ಲಿ ಮುಚ್ಚಳ ಸಡಿಲಾದ ಡಬ್ಬಿ ಇಟ್ಟರೆ ಕೆಲವು ತಿಂಗಳಲ್ಲಿ ಪೆಲೆಟ್ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ಸೀಸದ ಸಂಯುಕ್ತ, ವಿಷ. ಅಂಥ ಡಬ್ಬಿಯನ್ನು ತೊಳೆದು ಬಳಸಲು ಹೋಗಬೇಡಿ. ಪುಡಿ ತಿಂದಷ್ಟು ಲೋಹ ಹೋಗಿರುತ್ತದೆ, ಅಳತೆಯೂ ಕೆಟ್ಟಿರುತ್ತದೆ. ಬಿಗಿ ಮುಚ್ಚಳದ ಲೋಹದ ಅಥವಾ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಸಾಕು.

ಬ್ಯಾರೆಲ್ ಸ್ವಚ್ಛ ಮಾಡಲು ಒಣ ಫೆಲ್ಟ್ ಉಂಡೆ ಎರಡನ್ನು ಒಟ್ಟಿಗೆ ಹಾಕಿ ಹೊಡೆಯುವುದು ಗಾಳಿ ಸಿಲಿಂಡರಿನ ಪಿಸ್ತೂಲಿಗೆ ಸರಿ. ಸ್ಪ್ರಿಂಗ್ ಪಿಸ್ತೂಲಿಗೆ ಬೇಡ. ಫೆಲ್ಟ್ ತೀರಾ ಹಗುರವಾದ್ದರಿಂದ ಪಿಸ್ಟನ್‌ಗೆ ಎದುರೊತ್ತಡ ಸಿಗದೆ ಅದು ಹೋಗಿ ಜೋರಾಗಿ ಬಡಿಯುತ್ತದೆ. ಉಕ್ಕಿನ ಬ್ರಷ್ ಯಾವುದಕ್ಕೂ ಬೇಡ.

ಹೊಡೆದು ಮುಗಿದ ಮೇಲೆ ಟಾರ್ಗೆಟ್ ಹಿಂದಿನ ಪೆಟ್ಟಿಗೆಯಲ್ಲಿ ಬಿದ್ದ ಸೀಸವನ್ನು ಪೊರಕೆಯಿಂದ ಗುಡಿಸಿದರೆ ಪುಡಿ ಗಾಳಿಗೆ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಪೆಲೆಟ್‌ಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಕೆಲವರಿಗಿದೆ, ಅದನ್ನು ಇವತ್ತೇ ಬಿಡಿ. ಊಟಕ್ಕೆ ಮುಂಚೆ ಕೈಯನ್ನು ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ. ಒಟ್ಟಾದ ಸೀಸವನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿ ಲೋಹ ಕರಗಿಸುವವರಿಗೆ ಕೊಡಿ, ಮನೆಯ ಕಸದ ಬುಟ್ಟಿಗೆ ಹಾಕಬೇಡಿ.