ಗಡ್ಡೆಯ ಅಂಚು ನೋಡಲು: ಎಕ್ಸ್‌ರೇ, ಫ್ರೋಜನ್, ಸ್ಕ್ಯಾನಿಂಗ್

"ಮತ್ತ ಕೊಯ್ತೀರೇನ್ರಿ ಸಾಹೇಬ್ರ?"

ಬ್ಯಾಡಗಿ ಕಡೆಯ ಆಯಿ ಕೇಳಿದ್ದು ಇಷ್ಟೇ. ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿ ಬಿಟ್ಟು ಎರಡನೇ ಸಲ ಹುಬ್ಬಳ್ಳಿ ಬಸ್ ಹತ್ತಿದ್ದರು. ಸ್ತನ ಉಳಿಸಿ ಗಡ್ಡೆಯನ್ನಷ್ಟೇ ತೆಗೆದವ ನಾನೇ. ತೆಗೆದ ತುಂಡಿನ ಎಕ್ಸ್‌ರೇ ಚೆನ್ನಾಗಿತ್ತು, ಗಡ್ಡೆಯ ಸುತ್ತ ಒಳ್ಳೆಯ ಮಾಂಸ ಕಂಡಿತ್ತು. ವಾರದ ಮೇಲೆ ಬಂದ ಬಯಾಪ್ಸಿ ವರದಿಯಲ್ಲಿ ಒಂದು ಬದಿಯ ಮಸಿಗೇ ಕ್ಯಾನ್ಸರ್ ತಾಗಿತ್ತು. ತುಂಡಿನ ಹೊರಮೈಗೆ ಬಳಿದ ಮಸಿಯವರೆಗೆ ಕ್ಯಾನ್ಸರ್ ಬಂದಿರಬಾರದು. ಹಬ್ಬುವ ಜಾತಿಯ ಗಡ್ಡೆಗೆ 2014ರ ಅಮೆರಿಕದ ಮಾರ್ಗಸೂಚಿ ಇಟ್ಟ ಅಳತೆ ಅದು.

ಎಕ್ಸ್‌ರೇ ಮೋಸ ಮಾಡಿತು ಅನ್ನಲಾರೆ. ಮೆತ್ತನೆಯ ತುಂಡು ಪ್ಲೇಟಿನ ಮೇಲೆ ಚಪ್ಪಟೆಯಾಗುತ್ತದೆ, ಅಂಚು ಇದ್ದಲ್ಲಿ ಇರುವುದಿಲ್ಲ. ಮೇಲಾಗಿ ನಮ್ಮಲ್ಲಿ ತುಂಡಿನ ಎಕ್ಸ್‌ರೇ ತೆಗೆಯುವ ಮ್ಯಾಮೊಗ್ರಾಂ ಕೋಣೆ ಕೆಳಮಹಡಿಯಲ್ಲಿ. ಲಿಫ್ಟ್ ಬರುವತನಕ ನಾವು ಕೈಕಟ್ಟಿ ನಿಲ್ಲಬೇಕು.

ಫ್ರೋಜನ್ ಅಂದರೆ ಆಪರೇಶನ್ ನಡೆಯುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದರ ಬಗ್ಗೆ ಹೆಚ್ಚು ಹೇಳಲಾರೆ. ಸ್ತನದಲ್ಲಿ ಕೊಬ್ಬು ಜಾಸ್ತಿ, ಅದು ಸರಿಯಾಗಿ ಹೆಪ್ಪುಗಟ್ಟದೆ ಬ್ಲೇಡಿಗೆ ಸಿಕ್ಕು ಹರಿಯುತ್ತದೆ. ಅರ್ಧ ತಾಸು ಕಾದ ಮೇಲೆ ಪೆಥಾಲಜಿಯವರು "ಪಕ್ಕಾ ಹೇಳಾಕ ಬರೂದಿಲ್ರಿ" ಅಂದದ್ದೂ ಉಂಟು. ಕಂಕುಳ ಗಂಟಿಗೆ ಮಾತ್ರ ಕಳಿಸುತ್ತೇನೆ.

ನನ್ನ ಒಲವು ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಕಡೆಗೆ. ಮೈಮೇಲೆ ಆಡಿಸುವ ಪ್ರೋಬಿಗೆ ಶುದ್ಧ ಕವರ್ ಹಾಕಿ, ಗಡ್ಡೆ ನೋಡುತ್ತಲೇ ಕೊಯ್ಯಬಹುದು. ತುಂಡನ್ನು ಸಲೈನ್ ತುಂಬಿದ ಬೋಗುಣಿಯಲ್ಲಿ ಮುಳುಗಿಸಿ ಮತ್ತೆ ನೋಡುತ್ತೇನೆ: ಕಪ್ಪು ಗಡ್ಡೆ ಯಾವ ಬದಿಗೆ ಸರಿದಿದೆ, ಅಲ್ಲಿ ಎಷ್ಟು ಮಿಲಿಮೀಟರ್ ಉಳಿದಿದೆ. ಗಿಡ್ಡ ದಾರ ಕಟ್ಟಿದ್ದು ಮೇಲಿನ ದಿಕ್ಕು, ಉದ್ದ ದಾರ ಕಂಕುಳ ಕಡೆ. ಕಡಿಮೆ ಬಿದ್ದ ಬದಿಯಲ್ಲಷ್ಟೇ ಇನ್ನೊಂದು ಪದರ ತೆಗೆದರಾಯಿತು. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ, ಕೈಗೆ ಸಿಗುವ ಗಡ್ಡೆಗಳನ್ನು ಬೆರಳಿನ ಅಂದಾಜಿನಲ್ಲಿ ತೆಗೆದಾಗ ಶೇ. 17ರಷ್ಟು ಜನರ ಅಂಚಿನಲ್ಲಿ ಕ್ಯಾನ್ಸರ್ ಉಳಿದಿತ್ತು; ಸ್ಕ್ಯಾನಿಂಗ್ ನೋಡುತ್ತ ತೆಗೆದಾಗ ಶೇ. 3. ಆದರೆ ಕೈ ಕೂಡಲು ಕಾಲ ಬೇಕು. ಮೊದಮೊದಲು ನೆರಳನ್ನೇ ಗಡ್ಡೆ ಅಂದುಕೊಂಡು ರೇಡಿಯಾಲಜಿಯ ಗೆಳೆಯನಿಂದ ಬೈಸಿಕೊಂಡಿದ್ದೇನೆ.

ಉಳಿದ ಕ್ಯಾನ್ಸರನ್ನು ಗಾಯದೊಳಗೇ ಹೊಳೆಸಿ ತೋರಿಸುವ ಲೂಮಿಸೈಟ್ ಔಷಧಕ್ಕೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ನಾನು ಬಳಸಿಲ್ಲ, ಹಾಗಾಗಿ ತೂಕಕ್ಕೆ ಇಡುವುದಿಲ್ಲ.

ಮ್ಯಾಮೊಗ್ರಾಂನಲ್ಲಿ ಬರೀ ಸುಣ್ಣದ ಚುಕ್ಕಿ ಕಂಡು, ಗಡ್ಡೆ ಕೈಗೂ ಸ್ಕ್ಯಾನಿಂಗಿಗೂ ಸಿಗದಿದ್ದರೆ ಇಂದಿಗೂ ಎಕ್ಸ್‌ರೇನೇ ಗತಿ. ಲಿಫ್ಟ್ ಕಾಯುತ್ತೇನೆ.