ಟಂಗ್ ಡ್ರಮ್ ನಾಲ್ಕು ವರ್ಷ, ಹ್ಯಾಂಡ್‌ಪ್ಯಾನ್ ಎರಡು ವರ್ಷ: ನುಡಿಸಿ ನೋಡಿದ ಮೇಲೆ

ಟಂಗ್ ಡ್ರಮ್, ಹ್ಯಾಂಡ್‌ಪ್ಯಾನ್ ಎರಡೂ ತಟ್ಟಿ ನುಡಿಸುವ ಉಕ್ಕಿನ ಸ್ವರವಾದ್ಯಗಳು. ಮಂಗಳೂರಿನ ನಮ್ಮ ಮನೆಯಲ್ಲಿ ಎರಡೂ ಪಕ್ಕಪಕ್ಕ ಇವೆ. 13 ಇಂಚಿನ, 11 ಸ್ವರದ ಟಂಗ್ ಡ್ರಮ್ 2021ರಲ್ಲಿ ತಗೊಂಡಿದ್ದು, 7,200 ರೂಪಾಯಿ. 9 ಸ್ವರದ ಡಿ ಕುರ್ದ್ (ಡಿ ಸ್ವರ ಆಧಾರವಾಗಿರುವ ಒಂದು ಸ್ವರಶ್ರೇಣಿ) ಹ್ಯಾಂಡ್‌ಪ್ಯಾನ್ 2023ರಲ್ಲಿ ಬಂತು, ಬ್ಯಾಗ್ ಸೇರಿ 64,000. ಹೆಚ್ಚುಕಮ್ಮಿ ಒಂಬತ್ತು ಪಟ್ಟು. ಅಷ್ಟು ಕೊಡುವಂಥದ್ದು ಅದರಲ್ಲಿ ಏನಿದೆ ಅಂತ ಬಂದವರೆಲ್ಲ ಕೇಳುತ್ತಾರೆ.

ನಾದ ಇದೆ. ಟಂಗ್ ಡ್ರಮ್‌ನಲ್ಲಿ ದಪ್ಪ ಉಕ್ಕನ್ನು ನಾಲಿಗೆಯ ಆಕಾರಕ್ಕೆ ಕೊಯ್ದಿರುತ್ತಾರೆ. ನಾಲಿಗೆ ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಮೂಲ ಸ್ವರ ಚೆನ್ನಾಗಿಯೇ ಕೇಳುತ್ತದೆ, ಆದರೆ ಅದರ ಜೊತೆ ಏಳುವ ಉಪಸ್ವರ ಶ್ರುತಿಗೆ ಕೂರುವುದಿಲ್ಲ. ಒಂದು ತುದಿ ಬಿಗಿದ ಪಟ್ಟಿಯಲ್ಲಿ ಅದು ಮೂಲದ ಆರು ಪಟ್ಟಿಗಿಂತ ಸ್ವಲ್ಪ ಮೇಲೆ ಬರುತ್ತದೆ, ಯಾವ ಸ್ವರಕ್ಕೂ ಸೇರದ ಜಾಗದಲ್ಲಿ. ನಿಧಾನಕ್ಕೆ ಒಂದೊಂದೇ ಸ್ವರ ನುಡಿಸಿದರೆ ಹಿತ. ಬೇಗ ಬೇಗ ನುಡಿಸಿದರೆ ಎಲ್ಲ ಕಲಸಿಹೋಗುತ್ತದೆ.

ಹ್ಯಾಂಡ್‌ಪ್ಯಾನ್‌ನಲ್ಲಿ ನಾಲಿಗೆ ಇಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು, ಪ್ರತಿ ಸ್ವರದ ಜಾಗದಲ್ಲೂ ಮೂರು ದನಿ ಕೂರಿಸುತ್ತಾರೆ: ಮೂಲ ಸ್ವರ, ಮೇಲಿನ ಸ್ಥಾಯಿಯಲ್ಲಿ ಅದೇ ಸ್ವರ, ಅದಕ್ಕೂ ಮೇಲೆ ಅದರ ಪಂಚಮ. ಡಿಂಗ್ ಅನ್ನುವ ನಡುವಿನ ಸ್ವರವನ್ನು ಹೆಬ್ಬೆರಳಿನ ಪಕ್ಕದಿಂದ ಮೆಲ್ಲಗೆ ತಟ್ಟಿ, ಕಿವಿ ಹತ್ತಿರ ಇಟ್ಟು ಕೇಳಿ. ತಂಬೂರಿಯ ಒಂದು ತಂತಿ ಮೀಟಿದಾಗ ಒಳಗಿಂದ ಪಂಚಮ ಏಳುತ್ತದಲ್ಲ, ಹಾಗೆ. ನನ್ನ ದುಡ್ಡು ಹೋಗಿದ್ದು ಅದಕ್ಕೇ, ಇವತ್ತಿಗೂ ಬೇಸರವಿಲ್ಲ.

ಇದರ ಮೂಲ ವಾದ್ಯ ಹಾಂಗ್. 2000ದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫೆಲಿಕ್ಸ್ ರೋನರ್ ಮತ್ತು ಸಬೀನಾ ಶೇರರ್ ಅದನ್ನು ಮಾಡಿದರು. ಸ್ಟೀಲ್‌ಪ್ಯಾನ್ (ಟ್ರಿನಿಡಾಡ್‌ನ ಉಕ್ಕಿನ ಡ್ರಮ್ ವಾದ್ಯ) ಕೆಲಸ ಗೊತ್ತಿದ್ದ ಅವರಿಗೆ ನಮ್ಮ ಘಟಂ ಕೂಡ ಪ್ರೇರಣೆ. ಕೆಳಗಿನ ತೂತಿನಿಂದ ಬರುವ ಗುಂ ಎಂಬ ದನಿ ಕೇಳಿದರೆ ಅದು ತಾನೇ ಗೊತ್ತಾಗುತ್ತದೆ.

ಡಿ ಕುರ್ದ್‌ನಲ್ಲಿ ಇರುವುದು ನಠಭೈರವಿ ರಾಗದ ಸ್ವರಗಳು, ಹಿಂದೋಳವೂ ಸಿಗುತ್ತದೆ. ನನ್ನ ಟಂಗ್ ಡ್ರಮ್ ಡಿ ಮೇಜರ್, ಅಂದರೆ ಶಂಕರಾಭರಣ. ಅಮ್ಮ ಅದರಲ್ಲೇ ಮೋಹನ ನುಡಿಸುತ್ತಾರೆ. ಗಮಕ ಮಾತ್ರ ಎರಡರಲ್ಲೂ ಬರುವುದಿಲ್ಲ. ಹಾಡುಗಾರಿಕೆ ಕಲಿತವರು ಇದನ್ನು ತಿಳಿದೇ ಕೊಳ್ಳಬೇಕು.

ಇನ್ನು ಟ್ಯೂನಿಂಗ್. ನನಗೆ ಮೊದಲು ಬಂದ ಹ್ಯಾಂಡ್‌ಪ್ಯಾನ್‌ನಲ್ಲಿ ಎರಡು ಸ್ವರ 20 ಸೆಂಟ್ (ಅರ್ಧ ಸ್ವರದ ಅಂತರದಲ್ಲಿ ನೂರನೇ ಒಂದು ಭಾಗ ಒಂದು ಸೆಂಟ್) ಕೆಳಗಿದ್ದವು. ಕೇಳಿದರೆ ಮಾರಿದವರು ‘ಇದು 432 ಹರ್ಟ್ಸ್, ಅದಕ್ಕೇ ಹಾಗೆ’ ಅಂದರು. ಇದು ಸರಿಯಲ್ಲ. ಎ ಸ್ವರವನ್ನು ಸಾಮಾನ್ಯವಾದ 440 ಹರ್ಟ್ಸ್ ಬದಲು 432ಕ್ಕೆ ಕೂರಿಸಿದ್ದರೆ ಎಲ್ಲಾ ಸ್ವರಗಳೂ ಸಮನಾಗಿ ಸುಮಾರು 32 ಸೆಂಟ್ ಇಳಿದಿರಬೇಕು. ಎರಡೇ ಸ್ವರ ಇಳಿದಿದ್ದರೆ ಅದು ದೋಷ. ಟ್ಯೂನರ್ ಆ್ಯಪ್‌ನ ವಿಡಿಯೊ ಕಳಿಸಿದ ಮೇಲೆ ಬದಲಾಯಿಸಿ ಕೊಟ್ಟರು.

ಬದಲಿಯಾಗಿ ಬಂದದ್ದು ಚೆನ್ನಾಗಿತ್ತು. ಕಳೆದ ಮೇ ತಿಂಗಳಲ್ಲಿ ಅದು ಕಾರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಎರಡು ಗಂಟೆ ಉಳಿದುಬಿಟ್ಟಿತು. ಬಿಸಿಯಾದಾಗ ಸ್ವರ ಇಳಿಯುವುದು ಸಹಜ, ಆದರೆ ತಣ್ಣಗಾದ ಮೇಲೂ ಸಿ ಸ್ವರ ಮೇಲೇಳಲಿಲ್ಲ. ಊರಲ್ಲಿ ಸರಿಮಾಡುವವರು ಸಿಗಲಿಲ್ಲ. ಬೇರೆ ರಾಜ್ಯಕ್ಕೆ ಕಳಿಸಿದೆ. ಕೊರಿಯರ್ ಸೇರಿ 8,500 ರೂಪಾಯಿ, ಐದು ವಾರ. ಈ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಟಂಗ್ ಡ್ರಮ್ ನಾಲ್ಕು ವರ್ಷದಲ್ಲಿ ಅಲುಗಿಲ್ಲ. ಮಗಳು ಒಮ್ಮೆ ಮೆಟ್ಟಿಲ ಮೇಲಿಂದ ಬೀಳಿಸಿದ್ದಳು, ಬಣ್ಣ ಹೋಯಿತು ಅಷ್ಟೇ. ರಬ್ಬರ್ ಕೋಲಿನಿಂದ ಧೈರ್ಯವಾಗಿ ಬಾರಿಸಬಹುದು. ಹ್ಯಾಂಡ್‌ಪ್ಯಾನ್‌ಗೆ ಕೈ ಮಾತ್ರ, ಕೋಲು ಬೇಡವೇ ಬೇಡ.

ಕರಾವಳಿಯವರಿಗೆ ತುಕ್ಕಿನ ಭಯ ಬೇರೆ. ನನ್ನ ಹ್ಯಾಂಡ್‌ಪ್ಯಾನ್ ನೈಟ್ರೈಡ್ ಮಾಡಿದ (ಸಾರಜನಕದಲ್ಲಿ ಕಾಯಿಸಿ ಮೇಲ್ಮೈ ಗಟ್ಟಿ ಮಾಡಿದ) ಉಕ್ಕು. ನುಡಿಸಿದ ಮೇಲೆ ಪ್ರತಿ ಸಲ ಒಣ ಬಟ್ಟೆಯಲ್ಲಿ ಬೆವರು ಒರೆಸುತ್ತೇನೆ, ಮಳೆಗಾಲದಲ್ಲಿ ತೆಳ್ಳಗೆ ಎಣ್ಣೆ ಸವರುತ್ತೇನೆ. ಒಂದು ವಾರ ಬ್ಯಾಗ್‌ನಲ್ಲೇ ಬಿಟ್ಟಿದ್ದಕ್ಕೆ ಅಂಚಿನಲ್ಲಿ ಕೆಂಪು ಚುಕ್ಕೆಗಳು ಬಂದಿದ್ದವು. ಈಗ ಕೊಳ್ಳುವುದಾದರೆ ಸ್ಟೇನ್‌ಲೆಸ್ ತಗೊಳ್ಳುತ್ತಿದ್ದೆ. ತುಕ್ಕು ಕಡಿಮೆ, ದನಿಯೂ ಜಾಸ್ತಿ ಹೊತ್ತು ನಿಲ್ಲುತ್ತದೆ.

ಮಕ್ಕಳಿಗೆ, ಸುಮ್ನೆ ಸಂಜೆ ಹೊತ್ತು ನುಡಿಸುವವರಿಗೆ ಟಂಗ್ ಡ್ರಮ್ ಸಾಕು. ಆರು ಇಂಚಿನದು ಮಾತ್ರ ಬೇಡ, ದನಿ ಟಿಂಗ್ ಅಂದು ಸತ್ತುಹೋಗುತ್ತದೆ. 15–20 ಸಾವಿರಕ್ಕೆ ಹ್ಯಾಂಡ್‌ಪ್ಯಾನ್ ಅಂತ ಸಿಕ್ಕರೆ ನೋಡದೆ ಕೊಳ್ಳಬೇಡಿ. ಒಂದೊಂದೇ ಸ್ವರವನ್ನು ತಟ್ಟಿ, ಕೈ ತೆಗೆದು, ದನಿ ಪೂರ್ತಿ ಆರುವವರೆಗೆ ಕಾಯಿರಿ. ಆರುವಾಗ ಅದು ಅಲೆಅಲೆಯಾಗಿ ನಡುಗಿದರೆ ಒಳಗಿನ ಮೂರು ದನಿಗಳು ಒಂದಕ್ಕೊಂದು ಹೊಂದಿಲ್ಲ ಅಂತ ಅರ್ಥ. ಅಲ್ಲೇ ಬಿಟ್ಟು ಬನ್ನಿ.